‘ಅಂಗೂರ್’ನಲ್ಲಿ ದಡ್ಡರು ಯಾರೂ ಇಲ್ಲ

ಗುಲ್ಜಾರ್ ನಿರ್ದೇಶನದ ಹಿಂದಿ ಚಿತ್ರ ‘ಅಂಗೂರ್’ ತೆರೆಕಂಡದ್ದು 1982ರಲ್ಲಿ. ಅಶೋಕ್ ಎಂಬ ಒಂದೇ ಹೆಸರಿನ ಅವಳಿ ಅಣ್ಣತಮ್ಮಂದಿರು, ಬಹದ್ದೂರ್ ಎಂಬ ಒಂದೇ ಹೆಸರಿನ ಅವರ ಅವಳಿ ಆಳುಗಳು. ಚಿಕ್ಕಂದಿನಲ್ಲೇ ಬೇರೆಯಾದ ಈ ನಾಲ್ವರು ಒಂದೇ ಊರಿನಲ್ಲಿ ಬಂದು ಸೇರಿದಾಗ ಆಗುವ ಎಡವಟ್ಟುಗಳೇ ಕಥೆ. ನಾಲ್ಕು ದಶಕ ಕಳೆದರೂ ಟೀವಿಯಲ್ಲಿ ಈ ಚಿತ್ರ ಬಂದರೆ ರಿಮೋಟ್ ಕೆಳಗಿಡುವವರಿದ್ದಾರೆ. ಆದರೆ ಇದರ ಬಗ್ಗೆ, ಒಟ್ಟಾರೆ ಇಂಥ ಹಾಸ್ಯದ ಬಗ್ಗೆ, ನಾವು ಕೇಳಿ ನಂಬಿಕೊಂಡು ಬಂದ ಮಾತುಗಳಲ್ಲಿ ಹುರುಳು ಕಡಿಮೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇಂಥ ಸಿನಿಮಾಕ್ಕೆ ತಲೆ ಬೇಕಿಲ್ಲ. ತರ್ಕ ಹುಡುಕದೆ ನಕ್ಕು ಎದ್ದು ಬರಬೇಕು.

ವಾಸ್ತವ: ತರ್ಕ ಬಿಗಿಯಾಗಿರಲೇಬೇಕಾದ ಕಥೆಯೆಂದರೆ ಇದೇ. ಹೊಡೆದಾಟದ ಚಿತ್ರದಲ್ಲಿ ಎಲ್ಲೋ ಒಂದು ಕೊಂಡಿ ಕಳಚಿದರೂ ನಾವು ಕ್ಷಮಿಸುತ್ತೇವೆ. ಇಲ್ಲಿ ಕಳಚಿದರೆ ನಗುವೇ ನಿಂತುಹೋಗುತ್ತದೆ. ಒಂದು ನೆಕ್‌ಲೆಸ್ ಸಾಗುವ ದಾರಿಯನ್ನೇ ಗಮನಿಸಿ. ಅದನ್ನು ಮಾಡಲು ಹೇಳಿದವನು ಊರಿನ ಅಶೋಕ್. ಅಕ್ಕಸಾಲಿಗ ಅದನ್ನು ಕೊಡುವುದು ಪರವೂರಿನಿಂದ ಬಂದ ಅಶೋಕನಿಗೆ. ದುಡ್ಡು ಕೇಳುವುದು ಮತ್ತೆ ಊರಿನ ಅಶೋಕನನ್ನು! ಕೊಟ್ಟೆ ಎನ್ನುವವನೂ ನಿಜ ಹೇಳುತ್ತಿದ್ದಾನೆ, ನನಗೆ ಸಿಕ್ಕಿಲ್ಲ ಎನ್ನುವವನೂ ನಿಜ ಹೇಳುತ್ತಿದ್ದಾನೆ. ಎರಡು ನಿಜಗಳು ಎದುರಾಗಿ ಜಗಳವಾಗಬೇಕಾದರೆ, ಯಾರು ಯಾವ ಹೊತ್ತಿಗೆ ಎಲ್ಲಿದ್ದರು, ಯಾರ ಕೈಯಲ್ಲಿ ಏನಿತ್ತು ಎಂಬ ಲೆಕ್ಕ ಚಿತ್ರಕಥೆಗಾರನ ತಲೆಯಲ್ಲಿ ಪಕ್ಕಾ ಇರಬೇಕು.

ತಪ್ಪು ಕಲ್ಪನೆ 2: ಗುಟ್ಟು ಗೊತ್ತಾದ ಮೇಲೆ ಮುಗಿಯಿತು. ಎರಡನೇ ಸಲ ನೋಡಲು ಏನೂ ಉಳಿಯುವುದಿಲ್ಲ.

ವಾಸ್ತವ: ಇಲ್ಲಿ ಗುಟ್ಟೇ ಇಲ್ಲ. ಅವಳಿಗಳಿದ್ದಾರೆ, ಹಡಗಿನ ಅವಘಡದಲ್ಲಿ ಬೇರೆಯಾದರು ಎಂಬುದನ್ನು ಚಿತ್ರ ಆರಂಭದಲ್ಲೇ ಹೇಳಿಬಿಡುತ್ತದೆ. ಪತ್ತೇದಾರಿ ಕಥೆ ಪ್ರೇಕ್ಷಕನಿಂದ ಮುಚ್ಚಿಟ್ಟು ಕಾಯಿಸುತ್ತದೆ. ಈ ಹಾಸ್ಯ ಪ್ರೇಕ್ಷಕನಿಗೆ ಎಲ್ಲವನ್ನೂ ತಿಳಿಸಿ, ಪಾತ್ರಗಳಿಂದ ಮಾತ್ರ ಮುಚ್ಚಿಡುತ್ತದೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ: ನಗು ಹುಟ್ಟುವುದು ಈ ಅಂತರದಲ್ಲಿ. ಹತ್ತನೇ ಸಲ ನೋಡುವಾಗಲೂ ಆ ಅಂತರ ಹಾಗೇ ಇರುತ್ತದೆ.

ತಪ್ಪು ಕಲ್ಪನೆ 3: ಎದುರಿಗಿರುವುದು ಬೇರೆ ಮನುಷ್ಯ ಎಂದು ತಿಳಿಯದಷ್ಟು ದಡ್ಡರು ಎಲ್ಲಿರುತ್ತಾರೆ? ಇದು ಪೆದ್ದರ ಕಥೆ.

ವಾಸ್ತವ: ಈ ಆಕ್ಷೇಪಕ್ಕೆ ಸಮಾಧಾನದಿಂದ ಉತ್ತರಿಸಬೇಕು. ಇಬ್ಬರು ಅಣ್ಣತಮ್ಮಂದಿರಿಗೂ ಒಂದೇ ಹೆಸರು ಎನ್ನುವುದನ್ನು ನಾವು ಒಪ್ಪಿಕೊಳ್ಳಲೇಬೇಕು. ಚಿತ್ರ ಕೇಳುವ ರಿಯಾಯಿತಿ ಅದು. ಆದರೆ ಅದಾದ ಮೇಲೆ ಪ್ರತಿಯೊಬ್ಬರೂ ತಮ್ಮ ತಿಳಿವಳಿಕೆಗೆ ತಕ್ಕಂತೆ ಸರಿಯಾಗಿಯೇ ಯೋಚಿಸುತ್ತಾರೆ. ಪರವೂರಿನ ಅಶೋಕನಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ವ್ಯವಹಾರಕ್ಕೆಂದು ದುಡ್ಡು ಹಿಡಿದು ಬಂದವನನ್ನು ಅಪರಿಚಿತರು ಹೆಸರು ಹಿಡಿದು ಕರೆದರೆ, ಯಾವಳೋ ಗಂಡ ಎಂದು ಮನೆಗೆ ಎಳೆದೊಯ್ದರೆ, ಇದರ ಹಿಂದೆ ಗ್ಯಾಂಗ್ ಇದೆ ಎಂದೇ ಅವನಿಗೆ ಅನಿಸುತ್ತದೆ. ಊರಿನ ಅಶೋಕನ ಹೆಂಡತಿ ಸುಧಾ, ಅಂದರೆ ಮೌಶುಮಿ ಚಟರ್ಜಿ, ಗಂಡ ತನ್ನನ್ನು ಬೇಕೆಂದೇ ದೂರವಿಡುತ್ತಿದ್ದಾನೆ ಎಂದುಕೊಳ್ಳುತ್ತಾಳೆ. ಅವಳ ಅನುಮಾನವೂ ಅಸಂಗತವಲ್ಲ.

ಮೂಲ ನಾಟಕವಾದ ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ನಲ್ಲಿ ಇದೇ ಜಾಗದಲ್ಲಿ ಮಾಟಮಂತ್ರವಿದೆ. ಪರವೂರಿನವನು ಈ ಊರು ಮಾಟಗಾರರಿಂದ ತುಂಬಿದೆ ಎಂದು ಹೆದರುತ್ತಾನೆ. ಊರಿನವನಿಗೆ ದೆವ್ವ ಹಿಡಿದಿದೆ ಎಂದು ಮನೆಯವರು ಮಂತ್ರವಾದಿಯನ್ನು ಕರೆಸಿ ಕಟ್ಟಿಹಾಕಿಸುತ್ತಾರೆ. ಗುಲ್ಜಾರ್ ಮಾಟವನ್ನು ತೆಗೆದು ಪತ್ತೇದಾರಿ ಕಾದಂಬರಿ ಇಟ್ಟರು. ಕಾಲ ಬದಲಾಯಿತು, ಮನುಷ್ಯ ಬದಲಾಗಲಿಲ್ಲ. ಅರ್ಥವಾಗದ್ದು ಎದುರಾದಾಗ, ತಲೆಯಲ್ಲಿ ಮೊದಲೇ ಇರುವ ಕಥೆಗೆ ಅದನ್ನು ಹೊಂದಿಸಿಕೊಳ್ಳುತ್ತೇವೆ. ಗಾಳಿಸುದ್ದಿ ಹಬ್ಬುವುದೂ ಹೀಗೆಯೇ.

ತಪ್ಪು ಕಲ್ಪನೆ 4: ಇದು ಕದ್ದ ಸರಕು. ಇಂಗ್ಲಿಷಿನಿಂದ ಎತ್ತಿದ್ದು, ಸ್ವಂತದ್ದೇನೂ ಇಲ್ಲ.

ವಾಸ್ತವ: ಹಾಗೆ ನೋಡಿದರೆ ಷೇಕ್ಸ್‌ಪಿಯರನದ್ದೂ ಸ್ವಂತದ್ದಲ್ಲ. 1594ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಆಡಿದ ಈ ನಾಟಕದ ಬೇರು ಎರಡು ಸಾವಿರ ವರ್ಷಕ್ಕೂ ಹಿಂದಿನ ರೋಮನ್ ನಾಟಕಕಾರ ಪ್ಲಾಟಸ್‌ನ ‘ಮೆನೆಕ್ಮಿ’ಯಲ್ಲಿದೆ. ಅಲ್ಲಿ ಇದ್ದದ್ದು ಒಂದು ಜೊತೆ ಅವಳಿ. ಆಳುಗಳ ಇನ್ನೊಂದು ಜೊತೆ ಸೇರಿಸಿ ಗೊಂದಲವನ್ನು ಇಮ್ಮಡಿಸಿದ್ದು ಷೇಕ್ಸ್‌ಪಿಯರ್. 1869ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಇದನ್ನು ಬಂಗಾಳಿಗೆ ‘ಭ್ರಾಂತಿವಿಲಾಸ’ವಾಗಿ ತಂದರು. 1963ರಲ್ಲಿ ಉತ್ತಮ್ ಕುಮಾರ್ ನಟನೆಯಲ್ಲಿ ಅದು ಸಿನಿಮಾ ಆಯಿತು. ಕನ್ನಡವೂ ಹಿಂದೆ ಬಿದ್ದಿಲ್ಲ. ಧಾರವಾಡದ ಚನ್ನಬಸಪ್ಪನವರ ‘ನಗದವರನ್ನು ನಗಿಸುವ ಕಥೆ’ 1871ರದ್ದು. ವಿದ್ಯಾಸಾಗರರ ಕೃತಿಯನ್ನು ಬಿ. ವೆಂಕಟಾಚಾರ್ಯರು ಕನ್ನಡಿಸಿದರು. 1997ರಲ್ಲಿ ಎನ್.ಎಸ್. ಶಂಕರ್, ರಮೇಶ್ ಅರವಿಂದ್ ಮತ್ತು ಕಾಶಿ ಅವರನ್ನು ಇಟ್ಟುಕೊಂಡು ‘ಉಲ್ಟಾ ಪಲ್ಟಾ’ ಮಾಡಿದರು. ಕೈಯಿಂದ ಕೈಗೆ ಬಂದ ಆಸ್ತಿಯನ್ನು ಕಳ್ಳಮಾಲು ಎನ್ನಲಾಗದು.

ತಪ್ಪು ಕಲ್ಪನೆ 5: ದ್ವಿಪಾತ್ರವೆಂದರೆ ಕ್ಯಾಮೆರಾದ ಕೈಚಳಕ. ನಟನ ಕೆಲಸ ಅಷ್ಟಕ್ಕಷ್ಟೆ.

ವಾಸ್ತವ: ಕೈಚಳಕವಂತೂ ಇತ್ತು. ಫಿಲ್ಮ್ ಕಾಲದಲ್ಲಿ ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಚೌಕಟ್ಟಿನ ಅರ್ಧ ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸುತ್ತಿದ್ದರು. ಬಳಿಕ ಫಿಲ್ಮ್ ಹಿಂದಕ್ಕೆ ಸುತ್ತಿ, ಉಳಿದರ್ಧದಲ್ಲಿ ಇನ್ನೊಂದು ಪಾತ್ರ. ಬೆನ್ನು ಮಾತ್ರ ಕಾಣುವ ಕಡೆ ಡೂಪ್. ಆದರೆ ‘ಅಂಗೂರ್’ ಅವಳಿಗಳನ್ನು ಕೊನೆಯವರೆಗೂ ಎದುರುಬದುರು ತರುವುದಿಲ್ಲ. ತಂದರೆ ಕಥೆಯೇ ಮುಗಿಯಿತು. ಹಾಗಾಗಿ ಭಾರವೆಲ್ಲ ನಟರ ಮೇಲೆ. ಸಂಜೀವ್ ಕುಮಾರ್ ಊರಿನ ಅಶೋಕನಿಗೆ ಸಂಸಾರಸ್ಥನ ಸಿಡಿಮಿಡಿ ಕೊಟ್ಟರು, ಪರವೂರಿನವನಿಗೆ ಸದಾ ಅನುಮಾನಿಸುವ ಕಣ್ಣು ಕೊಟ್ಟರು. ಇವರು ಇದೇ ಗುಲ್ಜಾರರ ‘ಕೋಶಿಶ್’ನಲ್ಲಿ ಕಿವಿ ಕೇಳದ, ಮಾತು ಬಾರದ ವ್ಯಕ್ತಿಯಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದವರು. ಇಬ್ಬರು ಬಹದ್ದೂರರಾದ ದೇವೇನ್ ವರ್ಮಾಗೆ ‘ಅಂಗೂರ್’ ಫಿಲ್ಮ್‌ಫೇರ್ ಪ್ರಶಸ್ತಿ ತಂದುಕೊಟ್ಟಿತು.

ತಪ್ಪು ಕಲ್ಪನೆ 6: ಕಥೆ ಗಟ್ಟಿ ಇದ್ದರೆ ಸಾಕು. ಯಾರು ಮಾಡಿದರೂ ಓಡುತ್ತದೆ.

ವಾಸ್ತವ: ಇದೇ ಕಥೆಯನ್ನು ಇದೇ ಗುಲ್ಜಾರ್ 1968ರ ‘ದೋ ದೂನಿ ಚಾರ್’ಗೆ ಬರೆದಿದ್ದರು. ನಾಯಕ ಕಿಶೋರ್ ಕುಮಾರ್, ಅಂದರೆ ಹಾಸ್ಯಕ್ಕೆ ಹೇಳಿ ಮಾಡಿಸಿದ ನಟ. ಚಿತ್ರ ಓಡಲಿಲ್ಲ. 2022ರಲ್ಲಿ ರೋಹಿತ್ ಶೆಟ್ಟಿ ಇದನ್ನೇ ರಣವೀರ್ ಸಿಂಗ್ ಜೊತೆ ‘ಸರ್ಕಸ್’ ಮಾಡಿದರು. ದೊಡ್ಡ ಸೆಟ್ಟು, ದೊಡ್ಡ ತಾರೆಯರು, ಗಲ್ಲಾಪೆಟ್ಟಿಗೆಯಲ್ಲಿ ಸೋಲು. ‘ಅಂಗೂರ್’ನಲ್ಲಿ ನಗಿಸಲು ಒದ್ದಾಡುವವರೇ ಇಲ್ಲ. ತಾವು ಭಾರೀ ಸಂಕಟದಲ್ಲಿದ್ದೇವೆ ಎಂದು ಎಲ್ಲರೂ ನಂಬಿದ್ದಾರೆ, ಗಂಭೀರವಾಗಿ ವಾದಿಸುತ್ತಾರೆ. ತೆರೆಯ ಮೇಲಿನವರು ನಗದಿದ್ದರೇ ತೆರೆಯ ಮುಂದಿನವರು ನಗುವುದು.

ಈ ಚಿತ್ರ ಬಾಳಿದ್ದು ಅದೃಷ್ಟದಿಂದಲ್ಲ, ಷೇಕ್ಸ್‌ಪಿಯರನ ಹೆಸರಿನಿಂದಲೂ ಅಲ್ಲ. ಇದು ಯಾರನ್ನೂ ಕೀಳು ಮಾಡದೆ ನಗಿಸುತ್ತದೆ. ತಪ್ಪು ತಿಳಿದವರೆಲ್ಲರಿಗೂ ಇಲ್ಲಿ ಒಂದೊಂದು ನ್ಯಾಯವಾದ ಕಾರಣವಿದೆ. ಮನೆಯಲ್ಲಿ ಮಕ್ಕಳಿದ್ದರೆ ಒಂದು ಭಾನುವಾರ ‘ಅಂಗೂರ್’ ಹಾಕಿ, ಇನ್ನೊಂದು ಭಾನುವಾರ ‘ಉಲ್ಟಾ ಪಲ್ಟಾ’ ಹಾಕಿ. ತಲೆಯನ್ನು ಮಾತ್ರ ಪಕ್ಕಕ್ಕಿಡಬೇಡಿ.