ವಿಷವೂ ಮದ್ದೂ: ಔಷಧವಿಜ್ಞಾನದ ಉನ್ನತ ವ್ಯಾಸಂಗ

ಹಗರಿ ನದಿಯ ಸೀಮೆಯ ಮೋಕದ ಸುತ್ತಿನ ಹೊಲಗಳಲ್ಲಿ ಬೆಳೆಗಳಿಗೆ ಕೀಟನಾಶಕವನ್ನು ಸಿಂಪಡಿಸುವುದನ್ನು ನಾವು ನೋಡುತ್ತೇವೆ. ಆರ್ಗ್ಯಾನೋಫಾಸ್ಫೇಟ್ ಜಾತಿಯ ಕೀಟನಾಶಕವು ಮನುಷ್ಯನ ಮೈಯನ್ನು ಸೇರಿತೆನ್ನಿ. ನರಗಳ ಸಂದೇಶವನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಆ ವಸ್ತು ಮಿತಿಮೀರಿ ಶೇಖರವಾಗಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರು ಕಟ್ಟುತ್ತದೆ. ಆಗ ವೈದ್ಯರು ಚುಚ್ಚುವ ಮದ್ದು ಅಟ್ರೋಪಿನ್. ಬೇಲಿಬದಿಯ ದತ್ತೂರಿಯಲ್ಲಿಯೂ ಇರುವ ಇದು ತಾನೇ ಒಂದು ವಿಷ! ಆದರೂ ತಕ್ಕ ಪ್ರಮಾಣದಲ್ಲಿ ಅದು ಅಸಿಟೈಲ್‌ಕೋಲಿನ್ ಹಿಡಿಯಬೇಕಾದ ಸ್ಥಾನಗಳನ್ನು ತಾನೇ ಆಕ್ರಮಿಸಿ ಜೀವವನ್ನು ಉಳಿಸುತ್ತದೆ.

ಮದ್ದು ದೇಹಕ್ಕೆ ಏನು ಮಾಡುತ್ತದೆ? ದೇಹವು ಮದ್ದನ್ನು ಏನು ಮಾಡುತ್ತದೆ? ಎಷ್ಟು ಕೊಟ್ಟರೆ ಹಿತ, ಎಷ್ಟಾದರೆ ಅಹಿತ? ಇವನ್ನು ವಿಚಾರಿಸುವ ಶಾಸ್ತ್ರವೇ ಫಾರ್ಮಕಾಲಜಿ, ಅಂದರೆ ಔಷಧವಿಜ್ಞಾನ.

ಇದರ ಉನ್ನತ ವ್ಯಾಸಂಗಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು. ಎಂ.ಬಿ.ಬಿ.ಎಸ್. ಮುಗಿಸಿದವರು ಪ್ರವೇಶ ಪರೀಕ್ಷೆಯ ಮೂಲಕ 3 ವರ್ಷಗಳ ಎಂ.ಡಿ. ಪದವಿಗೆ ಸೇರಬಹುದು. 4 ವರ್ಷಗಳ ಬಿ.ಫಾರ್ಮ್. ಓದಿದವರಿಗೆ 2 ವರ್ಷಗಳ ಎಂ.ಫಾರ್ಮ್. ಇದೆ. ಮುಂದೆ ಪಿಎಚ್.ಡಿ. ಸಂಶೋಧನೆಗೂ ಅವಕಾಶವುಂಟು. ಬಳ್ಳಾರಿಯಲ್ಲಿಯೇ 1961ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಇಂತಹ ಪ್ರತಿಯೊಂದು ಕಾಲೇಜಿಗೂ ಈ ಶಾಸ್ತ್ರದ ಅಧ್ಯಾಪಕರು ಬೇಕು. ಹೊಸ ಔಷಧಗಳ ಸಂಶೋಧನಾಲಯಗಳಲ್ಲಿ, ಮನುಷ್ಯರ ಮೇಲೆ ನಡೆಯುವ ಔಷಧ ಪರೀಕ್ಷೆಗಳ ಮೇಲ್ವಿಚಾರಣೆಯಲ್ಲಿ, ಔಷಧ ನಿಯಂತ್ರಣದ ಕಾರ್ಯದಲ್ಲಿ ಕೂಡ ಇವರಿಗೆ ಕೆಲಸವಿದೆ. ರೋಗಿಯ ನಾಡಿ ಹಿಡಿದು ಹೆಸರು ಗಳಿಸುವ ಸಂದರ್ಭ ಮಾತ್ರ ಕಡಮೆ. ಇದನ್ನು ಅರಿತೇ ಈ ದಾರಿ ಹಿಡಿಯುವುದು ಲೇಸು.

ಆದರೆ ಈ ಮರೆಯ ಕೆಲಸದ ಬೆಲೆ ಎಷ್ಟೆಂಬುದನ್ನು ಬಳ್ಳಾರಿ ಬಲ್ಲದು. 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಕೆಲವು ಬಾಣಂತಿಯರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿ, ಸರಕಾರವು ಅದರ ಬಳಕೆಯನ್ನು ತಡೆಹಿಡಿಯಿತು. ಮಾರುಕಟ್ಟೆಗೆ ಬಂದ ಔಷಧದ ಮೇಲೂ ಕಣ್ಣಿಡಬೇಕೆಂಬ ಉದ್ದೇಶದಿಂದಲೇ ಭಾರತದಲ್ಲಿ 2010ರಲ್ಲಿ ಔಷಧ ಜಾಗರೂಕತಾ ಕಾರ್ಯಕ್ರಮವು ಆರಂಭವಾಯಿತು. ಆಸ್ಪತ್ರೆಗಳಿಂದ ಬರುವ ದುಷ್ಪರಿಣಾಮಗಳ ವರದಿಗಳನ್ನು ಒಟ್ಟುಗೂಡಿಸಿ, ಅಪಾಯದ ಸುಳಿವನ್ನು ಮೊದಲೇ ಗುರುತಿಸುವುದು ಅದರ ಕೆಲಸ. ಅಂತಹ ಸುಳಿವನ್ನು ಒಂದು ದಿನ ಮುಂಚೆ ಕಂಡರೂ ಒಂದು ಮನೆಯ ದೀಪ ಉಳಿದೀತು. ಆ ಕಾವಲಿಗೆ ನಿಲ್ಲಬಲ್ಲ ತರುಣರು ನಮ್ಮ ಊರುಗಳಿಂದಲೂ ಬರಬೇಕು.