ಔಟಾಗುವುದು ಅವರು, ಕೇಳಿಸಿಕೊಳ್ಳುವುದು ನಮ್ಮ ಮಕ್ಕಳು!

ಟೆಸ್ಟ್ ಸರಣಿ ಶುರುವಾಯಿತೆಂದರೆ ನಿಮ್ಮ ಮನೆಯ ದಿನಚರಿಯೇ ಬದಲಾಗಿಬಿಡುತ್ತದೆ, ಅಲ್ವೇ? ಆಸ್ಟ್ರೇಲಿಯಾದಲ್ಲಿ ಆಟವಿದ್ದರೆ ಬೆಳಗಿನ ಜಾವಕ್ಕೇ ಟಿ.ವಿ. ಸದ್ದು, ಅದರ ಹಿಂದೆಯೇ ‘ಒಂದ್ ಲೋಟ ಕಾಫಿ ಸಿಗುತ್ತಾ?’ ಎಂಬ ದನಿ. ನಮ್ಮ ದೇಶದಲ್ಲೇ ಆದರೆ ಬೆಳಿಗ್ಗೆ ಒಂಬತ್ತೂವರೆ, ನೀವು ತಿಂಡಿ ಪಾತ್ರೆ ಸಿಂಕಿಗೆ ಹಾಕೋ ಹೊತ್ತು. ಇಂಗ್ಲೆಂಡ್ ಆದರಂತೂ ಮುಗಿದೇ ಹೋಯಿತು. ಮಧ್ಯಾಹ್ನ ಮೂರೂವರೆಗೆ ಶುರುವಾಗಿ ರಾತ್ರಿಯವರೆಗೂ ಎಳೆದು ನಿಮ್ಮ ಧಾರಾವಾಹಿಗೆ ಕತ್ತರಿ! ಐದು ಪಂದ್ಯದ ಸರಣಿ ಅಂದರೆ ಸುಮಾರು ಒಂದೂವರೆ ತಿಂಗಳು.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳುತ್ತೀರಿ. ಆದರೆ ನಮ್ಮ ತಂಡ ಸೋಲಲು ಶುರುಮಾಡಿದಾಗ ಮನೆಯಲ್ಲಿ ನಡೆಯುವ ಚರ್ಚೆ ಇದೆಯಲ್ಲ, ಅದರ ಕಡೆಗೆ ಯಾವತ್ತಾದರೂ ಕಿವಿಗೊಟ್ಟಿದ್ದೀರಾ?

ಒಂದು ಉದಾಹರಣೆ ತಗೊಳ್ಳೋಣ. ನಿಮ್ಮ ಈಗಿನ ಮನೆ ಮೈಸೂರಿನಲ್ಲಿ, ತವರು ಕೊಳ್ಳೇಗಾಲದ ಹತ್ತಿರದ ಮುಳ್ಳೂರು ಅಂದುಕೊಳ್ಳಿ. ಕಬಿನಿ, ಕೆಆರ್‌ಎಸ್‌ನಿಂದ ಕಾವೇರಿಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಪೇಪರಿನಲ್ಲಿ ಹೆಸರು ಬರುವ ಊರು. 2025ರ ವಿಜಯದಶಮಿಗೆ ಮಕ್ಕಳನ್ನು ಕರಕೊಂಡು ಅಲ್ಲಿಗೆ ಹೋಗಿದ್ದೀರಿ. ಅವತ್ತೇ, ಅಕ್ಟೋಬರ್ 2ರಂದು, ಅಹಮದಾಬಾದ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ ಟೆಸ್ಟ್ ಶುರುವಾಗಿತ್ತು. ಅವ್ವನಿಗೆ, ಅತ್ತಿಗೆಗೆ ಜಂಬೂಸವಾರಿ ನೋಡಬೇಕು. ಅಪ್ಪನಿಗೆ, ಅಣ್ಣನಿಗೆ ಸಿರಾಜ್ ಬೌಲಿಂಗ್ ನೋಡಬೇಕು. ಜಗಳ ರಿಮೋಟಿಗೆ ಮಾತ್ರ. ಭಾರತ ಇನ್ನಿಂಗ್ಸ್ ಲೆಕ್ಕದಲ್ಲಿ ಗೆದ್ದದ್ದರಿಂದ ಎಲ್ಲರ ಮುಖದಲ್ಲೂ ನಗು.

ಮುಂದಿನ ತಿಂಗಳು ದಕ್ಷಿಣ ಆಫ್ರಿಕಾ ತಂಡ ಬಂತು ನೋಡಿ, ಕಥೆಯೇ ಬೇರೆಯಾಯಿತು. ಕೋಲ್ಕತ್ತದಲ್ಲಿ ಗೆಲ್ಲಲು ಬೇಕಿದ್ದದ್ದು ಬರೀ 124 ರನ್. ನಮ್ಮವರು 93ಕ್ಕೆ ಮುಗಿಸಿದರು. ಗುವಾಹಟಿಯಲ್ಲಿ 408 ರನ್‌ಗಳ ಸೋಲು. ರನ್ ಲೆಕ್ಕದಲ್ಲಿ ಟೆಸ್ಟ್ ಇತಿಹಾಸದಲ್ಲೇ ಭಾರತಕ್ಕೆ ಅಷ್ಟು ದೊಡ್ಡ ಸೋಲು ಆಗಿರಲಿಲ್ಲ. ಆವಾಗ ಮುಳ್ಳೂರಿನ ಜಗಲಿಗೂ ಮೈಸೂರಿನ ಹಾಲಿಗೂ ನಡುವೆ ಫೋನು ಬಿಸಿಯಾಗುತ್ತದೆ. ಅತ್ತ ಕಡೆಯಿಂದ ಅಪ್ಪ, ‘ದುಡ್ಡು ಕೊಟ್ಟೂ ಕೊಟ್ಟೂ ಕೆಡಿಸ್ಬುಟ್ರು ಕಣಪ್ಪ ಇವ್ರ್ನ’ ಅನ್ನುತ್ತಾರೆ. ಇತ್ತ ಕಡೆಯಿಂದ ನಿಮ್ಮ ಯಜಮಾನರು, ‘ಅಲ್ಲ ಮಾವ, ಆ ದಂಡಪಿಂಡನ್ನ ಇನ್ನೂ ಯಾಕೆ ಇಟ್ಕೊಂಡಿದಾರೆ? ಕಿತ್ತು ಬಿಸಾಕ್ಬೇಕು!’ ಎನ್ನುತ್ತಾರೆ.

ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಾ ಕೂತ ಮಗ ಏನೂ ಹೇಳುವುದಿಲ್ಲ. ಅವನ ಬ್ಯಾಗಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಇದೆ. ಗಣಿತದ ಅಂಕಕ್ಕೆ ಕೆಂಪು ಗೆರೆ ಬಿದ್ದಿದೆ. ಅಪ್ಪನ ಸಹಿ ಇನ್ನೂ ಹಾಕಿಸಿಲ್ಲ. ಈಗ ಹೇಳಿ, ಆ ಮಗು ಕೇಳಿಸಿಕೊಂಡಿದ್ದು ಕ್ರಿಕೆಟ್ ಚರ್ಚೆಯನ್ನೇ? ಈ ಮನೆಯಲ್ಲಿ ಸೋತವರಿಗೆ ಏನು ಮರ್ಯಾದೆ ಸಿಗುತ್ತದೆ ಎನ್ನುವುದನ್ನೂ ಅಲ್ಲವೇ?

ಬೈಗುಳ ಬೇರೆ, ಚರ್ಚೆ ಬೇರೆ

ಹಾಗಂತ ಯಾರೂ ಆಟಗಾರರನ್ನು ಟೀಕಿಸಲೇಬಾರದು ಅಂತಲ್ಲ. ದೇಶಕ್ಕೆ ಆಡುವವರ ಆಟದ ಬಗ್ಗೆ ಮಾತಾಡುವುದು ಅಭಿಮಾನಿಗಳ ಹಕ್ಕು. ನಮ್ಮ ಕರ್ನಾಟಕದವರೇ ಆದ ಇಬ್ಬರ ಪ್ರಸಂಗ ನೆನಪಿಸಿಕೊಳ್ಳಿ. 2023ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಿತ್ತು. ಉಪನಾಯಕ ಕೆ.ಎಲ್. ರಾಹುಲ್ ನಾಗಪುರದಲ್ಲಿ 20, ದೆಹಲಿಯಲ್ಲಿ 17 ಮತ್ತು 1 ರನ್ ಗಳಿಸಿ ಔಟಾದರು. 47 ಟೆಸ್ಟ್ ಆಡಿದ್ದರೂ ಸರಾಸರಿ 33ರ ಆಸುಪಾಸಿನಲ್ಲಿತ್ತು. ಮಾಜಿ ವೇಗಿ ವೆಂಕಟೇಶ್ ಪ್ರಸಾದ್ ಟ್ವಿಟರ್‌ನಲ್ಲಿ ಅಂಕಿ-ಅಂಶ ಮುಂದಿಟ್ಟು, ದೇಶಿ ಪಂದ್ಯಗಳಲ್ಲಿ ರನ್ ಹೊಡೆಯುತ್ತಿರುವವರನ್ನು ಬಿಟ್ಟು ಇವರಿಗೇ ಅವಕಾಶ ಯಾಕೆ ಎಂದು ಖಾರವಾಗಿ ಕೇಳಿದರು. ಆಕಾಶ್ ಚೋಪ್ರಾ ರಾಹುಲ್ ಪರ ನಿಂತರು. ಇಡೀ ದೇಶವೇ ಎರಡು ಪಾಳಯವಾಯಿತು. ರಾಹುಲ್ ಉಪನಾಯಕನ ಪಟ್ಟ ಹೋಯಿತು, ಮುಂದಿನ ಎರಡು ಟೆಸ್ಟ್‌ಗಳಲ್ಲಿ ಹೊರಗೆ ಕೂತರು.

ಪ್ರಸಾದ್ ಕೇಳಿದ್ದು ಕಟುವಾಗಿತ್ತು, ನಿಜ. ಆದರೆ ಅದು ರನ್ನಿನ ಲೆಕ್ಕ. ಆ ಲೆಕ್ಕ ಬಿಟ್ಟು ರಾಹುಲ್ ಅವರ ವೈಯಕ್ತಿಕ ಬದುಕನ್ನೇ ಆಡಿಕೊಂಡವರೂ ಬೇಕಾದಷ್ಟು ಜನ ಇದ್ದರು. ಅದು ಬೈಗುಳ.

ಆಮೇಲೇನಾಯಿತು? ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಪರದಾಡಿದ ಪಿಚ್ ಮೇಲೆ ರಾಹುಲ್ 101 ಹೊಡೆದರು. ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಬೆಂಗಳೂರಿನಲ್ಲಿ ಭಾರತ 46ಕ್ಕೆ ಆಲೌಟಾದಾಗ ತವರಿನ ಅಂಗಳದಲ್ಲೇ ಸೊನ್ನೆ ಸುತ್ತಿ, ಮುಂದಿನ ಟೆಸ್ಟ್‌ಗೆ ಮತ್ತೆ ಹೊರಗೆ. 2025ರಲ್ಲಿ ಇಂಗ್ಲೆಂಡಿಗೆ ಹೋದಾಗ ಎರಡು ಶತಕ, ಒಟ್ಟು 532 ರನ್! ಏಳುವುದು, ಬೀಳುವುದು ಎರಡೂ ಒಬ್ಬನದೇ ಬದುಕಿನಲ್ಲಿ ಸಾಲಾಗಿ ಬರುತ್ತವೆ. ನಿಮ್ಮ ಮಗುವಿಗೆ ಹೇಳಬೇಕಾದ ಮಾತು ಇದು ತಾನೇ?

ಮೂರು ಪ್ರಶ್ನೆ ಕಲಿತುಕೊಳ್ಳಿ

ಮನೆಯಲ್ಲಿ ‘ಅವನನ್ನ ಕಿತ್ತಾಕಿ’ ಎಂಬ ಮಾತು ಬಂದಾಗ ಸುಮ್ಮನೆ ಒಳಗೆ ಹೋಗಬೇಡಿ. ಕಾಫಿ ಲೋಟ ಕೊಡುತ್ತಲೇ ಈ ಮೂರರಲ್ಲಿ ಒಂದನ್ನು ಕೇಳಿ. ಬೈಗುಳ ತಾನಾಗಿಯೇ ಚರ್ಚೆಯಾಗುತ್ತದೆ.

1. ‘ಒಂದು ಇನ್ನಿಂಗ್ಸ್ ನೋಡಿ ಹೇಳ್ತಿದೀರಾ, ಪೂರ್ತಿ ವರ್ಷ ನೋಡಿ ಹೇಳ್ತಿದೀರಾ?’
ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸ್‌ನಲ್ಲಿ ಹೊಡೆದದ್ದು ಸೊನ್ನೆ. ಅವತ್ತೇ ತೀರ್ಪು ಕೊಟ್ಟಿದ್ದರೆ? ಎರಡನೇ ಇನ್ನಿಂಗ್ಸ್‌ನಲ್ಲಿ ಅವರೇ 137 ಹೊಡೆದರು. ಬೆಂಗಳೂರಿನಲ್ಲಿ 46ಕ್ಕೆ ಬಿದ್ದ ತಂಡವೂ ಎರಡನೇ ಸಲ 462 ಹೊಡೆದಿತ್ತು. ಪಂದ್ಯ ಉಳಿಯಲಿಲ್ಲ, ಮಾನ ಉಳಿಯಿತು.

2. ‘ಪಿಚ್ ಹೇಗಿತ್ತು?’
ಕೋಲ್ಕತ್ತದ ಆ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಆಡಿದ ನಾಲ್ಕು ಇನ್ನಿಂಗ್ಸ್‌ನಲ್ಲಿ ಒಂದರಲ್ಲೂ 200 ರನ್ ಬರಲಿಲ್ಲ. ನಾಯಕ ಶುಭಮನ್ ಗಿಲ್ ಕುತ್ತಿಗೆ ನೋವಿನಿಂದ ಎರಡನೇ ಇನ್ನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿಯಲೇ ಇಲ್ಲ. ಇದು ನೆಪವಲ್ಲ, ಕಾರಣ. ನೆಪ ಯಾವುದು, ಕಾರಣ ಯಾವುದು ಎಂದು ಬೇರೆ ಮಾಡುವುದೇ ಒಳ್ಳೆಯ ಅಭಿಮಾನಿಯ ಲಕ್ಷಣ.

3. ‘ಕಿತ್ತು ಹಾಕಿದ ಮೇಲೆ ಏನ್ಮಾಡ್ಬೇಕು?’
2001ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲೇ ಆಸ್ಟ್ರೇಲಿಯಾ ಎದುರು ಫಾಲೋಆನ್ ಆಗಿತ್ತು. ರನ್ ಬಾರದೆ ಒದ್ದಾಡುತ್ತಿದ್ದ ರಾಹುಲ್ ದ್ರಾವಿಡ್ ಅವರನ್ನು ತಂಡದಿಂದ ತೆಗೆಯಲಿಲ್ಲ, ಜಾಗ ಬದಲಿಸಿದರು. ಮೂರನೇ ಕ್ರಮಾಂಕಕ್ಕೆ ಲಕ್ಷ್ಮಣ್ ಹೋದರು, ದ್ರಾವಿಡ್ ಆರಕ್ಕೆ ಇಳಿದರು. ನಾಲ್ಕನೇ ದಿನ ಪೂರ್ತಿ ಒಂದೂ ವಿಕೆಟ್ ಬೀಳಲಿಲ್ಲ. ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಸೋಲಬೇಕಿದ್ದ ಪಂದ್ಯವನ್ನು 171 ರನ್‌ಗಳಿಂದ ಗೆದ್ದೆವು.

ಈಗ ಇದೇ ಮೂರು ಪ್ರಶ್ನೆಗಳನ್ನು ಮಗನ ಅಂಕಪಟ್ಟಿ ಮುಂದಿಟ್ಟುಕೊಂಡು ಕೇಳಿ ನೋಡಿ. ಒಂದೇ ಪರೀಕ್ಷೆಯಲ್ಲಿ ಹೀಗಾಯಿತೇ, ಆರು ತಿಂಗಳಿಂದಲೂ ಹೀಗೇ ಇದೆಯೇ? ಪ್ರಶ್ನೆಪತ್ರಿಕೆ ಕಷ್ಟವಿತ್ತೇ, ಆ ವಾರ ಜ್ವರ ಬಂದಿತ್ತೇ, ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಬೋರ್ಡ್ ಕಾಣಿಸುತ್ತಿಲ್ಲವೇ? ಬೈದ ಮೇಲೆ ಏನು? ಓದುವ ಹೊತ್ತು ಬದಲಿಸೋಣವೇ, ಟ್ಯೂಷನ್ ಬೇಕೇ, ಮೇಷ್ಟ್ರನ್ನು ಕಂಡು ಮಾತಾಡೋಣವೇ? ನಮ್ಮ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಅಂಕ ಹೆಚ್ಚಿಸಿಕೊಳ್ಳುವ ಅವಕಾಶವನ್ನೇ ಕೊಟ್ಟರು. ಸರ್ಕಾರವೇ ಎರಡನೇ ಇನ್ನಿಂಗ್ಸ್ ಕೊಡುವಾಗ ಮನೆಯವರು ಕೊಡದಿದ್ದರೆ ಹೇಗೆ?

ಎಲ್ಲರೂ ಮರಳಿ ಬರುವುದಿಲ್ಲ

ಮಕ್ಕಳಿಗೆ ಬರೀ ಸಿಹಿ ಕಥೆ ಹೇಳಿದರೂ ತಪ್ಪೇ. ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟ್‌ನಲ್ಲೇ ಅವರಿಗೆ ಜಾಗವಿರಲಿಲ್ಲ! ಕೆಲವೇ ತಿಂಗಳಲ್ಲಿ ತಂಡದಿಂದಲೇ ಹೊರಬಿದ್ದರು. ಆಮೇಲೆ ಕರ್ನಾಟಕ ತಂಡದಲ್ಲೂ ಜಾಗ ಸಿಗದೆ ವಿದರ್ಭಕ್ಕೆ ಹೋಗಿ ಆಡಿದರು. ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು 2022ರಲ್ಲಿ ಅವರು ಬರೆದುಕೊಂಡದ್ದನ್ನು ಓದಿ ಎಷ್ಟೋ ಜನರ ಕಣ್ಣು ಒದ್ದೆಯಾಗಿತ್ತು. ಎಂಟು ವರ್ಷಗಳ ನಂತರ, 2025ರಲ್ಲಿ, ಇಂಗ್ಲೆಂಡಿನಲ್ಲಿ ಆ ಅವಕಾಶ ಬಂತು. ನಾಲ್ಕು ಟೆಸ್ಟ್‌ಗಳಲ್ಲಿ 205 ರನ್, ಒಂದೇ ಅರ್ಧಶತಕ. ಮುಂದಿನ ಸರಣಿಗೆ ಕೈಬಿಟ್ಟರು. ಆದರೆ ಕರುಣ್ ಬ್ಯಾಟ್ ಕೆಳಗಿಡಲಿಲ್ಲ. ಕರ್ನಾಟಕಕ್ಕೆ ಮರಳಿ ಬಂದು ರಣಜಿಯಲ್ಲಿ ಕೇರಳದ ಮೇಲೆ ದ್ವಿಶತಕ ಹೊಡೆದರು.

ಅವಕಾಶ ಸಿಕ್ಕಿದ ಕೂಡಲೇ ಗೆಲುವು ಸಿಗುತ್ತದೆ ಎಂಬ ಖಾತ್ರಿ ಇಲ್ಲ, ಆದರೆ ಅಲ್ಲಿಗೆ ಬದುಕು ಮುಗಿಯುವುದೂ ಇಲ್ಲ. ಈ ಮಾತು ಹದಿನೈದರ ವಯಸ್ಸಿನಲ್ಲೇ ಮಗುವಿನ ಕಿವಿಗೆ ಬಿದ್ದಿರಲಿ. ಫಲಿತಾಂಶದ ದಿನ ಪ್ರತಿವರ್ಷ ಬರುವ ಕೆಟ್ಟ ಸುದ್ದಿಗಳನ್ನು ಓದಿದಾಗ ತಾಯಂದಿರಿಗೆ ಎದೆ ಝಲ್ಲೆನ್ನುತ್ತದೆ ನೋಡಿ, ಅದಕ್ಕೆ ಹೇಳಿದ್ದು.

ತಾಯಿಯ ಪಾತ್ರ ಎಷ್ಟು ದೊಡ್ಡದು ಎನ್ನುವುದಕ್ಕೆ ಟೆಸ್ಟ್ ಅಲ್ಲದಿದ್ದರೂ ಇನ್ನೊಂದು ಉದಾಹರಣೆ ಕೊಡಲೇಬೇಕು. 2025ರ ಮಹಿಳಾ ವಿಶ್ವಕಪ್‌ನಲ್ಲಿ ಜೆಮಿಮಾ ರಾಡ್ರಿಗಸ್ ಅವರನ್ನು ನಡುವೆ ಒಂದು ಪಂದ್ಯಕ್ಕೆ ಕೈಬಿಟ್ಟಿದ್ದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರೇ ಔಟಾಗದೆ 127 ಹೊಡೆದು ತಂಡವನ್ನು ಗೆಲ್ಲಿಸಿದರು. ಆಮೇಲೆ ಎಲ್ಲರೆದುರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು: ಆ ದಿನಗಳಲ್ಲಿ ವಿಪರೀತ ಆತಂಕವಿತ್ತು, ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ ಎಂದು. ಅಳುವುದಕ್ಕೆ ಒಂದು ನಂಬರ್ ಇತ್ತು ಆ ಹುಡುಗಿಗೆ. ನಿಮ್ಮ ಮಗಳಿಗೆ, ಮಗನಿಗೆ ಇದೆಯೇ?

ಹೀಗೆ ಮಾಡಿ ನೋಡಿ

* ಟಿ.ವಿ. ಮುಂದೆ ಒಂದೇ ಒಂದು ನಿಯಮ ಇರಲಿ. ಶಾಟ್ ಬಗ್ಗೆ ಏನು ಬೇಕಾದರೂ ಅನ್ನಲಿ. ಆಟಗಾರನ ಜಾತಿ, ಧರ್ಮ, ಹೆಂಡತಿ, ಮಕ್ಕಳ ವಿಷಯಕ್ಕೆ ಹೋಗಕೂಡದು. ಕೊಹ್ಲಿ ರನ್ ಹೊಡೆಯದಿದ್ದಾಗ ಅನುಷ್ಕಾ ಶರ್ಮಾ ಅವರನ್ನು ಆಡಿಕೊಂಡವರಿಗೆ 2016ರಲ್ಲಿ ಕೊಹ್ಲಿಯೇ ಛೀಮಾರಿ ಹಾಕಿದ್ದರು. ಗಂಡ ಔಟಾದರೆ ಹೆಂಡತಿ ಕಾಲ್ಗುಣ ಅನ್ನುವ ಮಾತು ನಿಮ್ಮ ಮನೆಯಲ್ಲಿ ಬೇಡ.

* ಪತಿರಾಯರನ್ನು ಎಲ್ಲರೆದುರು ತಿದ್ದಲು ಹೋಗಬೇಡಿ, ಅದು ಇನ್ನೊಂದು ಪಂದ್ಯವಾಗುತ್ತದೆ. ಊಟದ ವಿರಾಮದಲ್ಲಿ ಅಡುಗೆಮನೆಗೆ ಕರೆದು, ‘ಮಗ ಕೇಳಿಸ್ಕೋತಿದಾನೆ ಕಣ್ರೀ’ ಅಂತ ಮೆಲ್ಲಗೆ ಹೇಳಿ. ಅಷ್ಟು ಸಾಕು.

* ಭಾರತ ಸೋತ ದಿನ ಅಂಕಪಟ್ಟಿಗೆ ಸಹಿ ಕೇಳಲು ಮಗುವನ್ನು ಕಳಿಸಬೇಡಿ! ಹಾಗಂತ ಮುಚ್ಚಿಡಲೂ ಬೇಡಿ. ಮಾರನೆಯ ದಿನ ನೀವೂ ಜೊತೆಗೆ ಕೂತು ಮಾತಾಡಿ.

* ‘ನೀನು ಸೆಲೆಕ್ಟರ್ ಆಗಿದ್ರೆ ಯಾರನ್ನ ಇಟ್ಕೋತಿದ್ದೆ, ಯಾಕೆ?’ ಎಂದು ಮಗುವನ್ನೇ ಕೇಳಿ. ಇನ್ನೊಬ್ಬರ ಸೋಲನ್ನು ನ್ಯಾಯವಾಗಿ ತೂಗಲು ಕಲಿತ ಮಗು ತನ್ನ ಸೋಲನ್ನೂ ಹಾಗೇ ತೂಗುತ್ತದೆ.

* ಮೊದಲ ಎರಡು ಅವಧಿಗಳ ನಡುವೆ 40 ನಿಮಿಷ ಊಟದ ವಿರಾಮ, ಆಮೇಲೆ 20 ನಿಮಿಷ ಟೀ ವಿರಾಮ ಇರುತ್ತದೆ. (ಬೇಗ ಸೂರ್ಯ ಮುಳುಗುವ ಗುವಾಹಟಿಯಲ್ಲಿ ಮಾತ್ರ ಮೊದಲು ಟೀ, ಆಮೇಲೆ ಊಟ!) ಆ ಹೊತ್ತಿನಲ್ಲಿ ತಟ್ಟೆ ಹಾಕುವುದು, ಬಡಿಸಿಕೊಳ್ಳುವುದು ಟಿ.ವಿ. ಮುಂದೆ ಕೂತವರ ಕೆಲಸ. ಇದನ್ನು ಸರಣಿಯ ಮೊದಲ ದಿನವೇ ಹೇಳಿಬಿಡಿ.

* ನಿಮಗೆ ಕ್ರಿಕೆಟ್ ಗೊತ್ತಾಗಲ್ಲ ಎಂದು ಯಾರಾದರೂ ಅಂದರೆ ಬಿಟ್ಟುಕೊಡಬೇಡಿ. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಆ ಟೆಸ್ಟ್ ನಡೆದದ್ದೂ 1976ರಲ್ಲಿ ಬೆಂಗಳೂರಿನಲ್ಲೇ.

ಟೆಸ್ಟ್ ಪಂದ್ಯದಲ್ಲಿ ಒಳ್ಳೆಯ ಗುಣ ಒಂದಿದೆ. ಮೊದಲ ಇನ್ನಿಂಗ್ಸ್‌ನಲ್ಲಿ ಎಷ್ಟೇ ಕೆಟ್ಟದಾಗಿ ಆಡಿದವನಿಗೂ ಸಾಮಾನ್ಯವಾಗಿ ಇನ್ನೊಂದು ಸಲ ಕ್ರೀಸಿಗೆ ಇಳಿಯಲು ಬಿಡುತ್ತಾರೆ. ಮುಂದಿನ ಸರಣಿ ಶುರುವಾಗುವುದರೊಳಗೆ ಒಂದು ಕೆಲಸ ಮಾಡಿ. ಮಗುವಿನ ಬ್ಯಾಗಿನ ಆ ಅಂಕಪಟ್ಟಿಯನ್ನು ನೀವಾಗೇ ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಮೊದಲ ಮಾತು ಮಾತ್ರ ‘ಪಿಚ್ ಹೇಗಿತ್ತು ಮಗಾ?’ ಎಂದಿರಲಿ.