ಮಟ್ಟಿಗೆ ಮಾತು ಹೊಲಿಯುವವರು

ನಮ್ಮ ಅಜ್ಜಾವರದ ಕಡೆ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನಗಳನ್ನು ಬರೆದವರು ಯಾರು? ಯಾರಿಗೂ ಗೊತ್ತಿಲ್ಲ. ಅವು ಬಾಯಿಂದ ಬಾಯಿಗೆ ಬಂದವು. (ಈಗ ಗದ್ದೆಯೇ ಕಡಿಮೆ, ಎಲ್ಲ ಅಡಿಕೆ ತೋಟ.) ಆದರೆ ಹಾಡು ಬರೆದು ಸಂಬಳ ಪಡೆಯುವವರೂ ಇದ್ದಾರೆ, ಸಿನಿಮಾದ ಗೀತರಚನೆಕಾರರು. ಅವರ ಕೆಲಸ ಹೇಗೆ ಅಂತ ತಿಳಿಯಲು ನನಗೆ ಬಹಳ ಆಸೆ.

ಹೆಚ್ಚಾಗಿ ಮೊದಲು ಮಟ್ಟು ಬರ್ತದೆ, ಮಾತು ಆಮೇಲೆ. ಸಂಗೀತ ನಿರ್ದೇಶಕರು ಬರೀ "ತಾನ ತಾನ ತನನ" ಅಂತ ಹಾಡಿ ಕೊಡ್ತಾರೆ. ಅದಕ್ಕೆ ನಾನು "ತೋಟ ದಾಟಿ ಬರುವ" ಅಂತ ಬರೆದೆ ಅಂತಿಟ್ಟುಕೊಳ್ಳಿ. ಸರಿ ಕೂರ್ತದೆ. "ಅಡಿಕೆ ತೋಟ ನಡುವೆ" ಅಂದರೆ? ಮಾತ್ರೆ ಲೆಕ್ಕ ಒಂಬತ್ತೇ. ಆದರೆ "ತಾ" ಎಂದು ಎಳೆಯುವಲ್ಲಿ "ಅ" ಬಂದು, ಹಾಡುವಾಗ "ಆಡಿಕೆ" ಆಗಿಬಿಡ್ತದೆ! ಕನ್ನಡ ಪಿರಿಯಡಿನ ಲಘು ಗುರು ಎಂತಕ್ಕೆ ಅಂತ ಕೇಳುವವರು ಇದನ್ನು ನೋಡಬೇಕು.

ಇದು ಹೊಸತೇನೂ ಅಲ್ಲ. ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದರೆ ಪ್ರತಿ ಪದ್ಯದ ಮೇಲೆ ರಾಗ, ತಾಳ ಬರೆದಿರ್ತದೆ. ನಮ್ಮ ನೆರೆಯ ಕುಂಬಳೆಯ ಪಾರ್ತಿಸುಬ್ಬನೂ ತಾಳಕ್ಕೆ ಕೂರುವ ಹಾಗೆಯೇ ಪದ ಕಟ್ಟಿದವನು.

ಗೋಕರ್ಣದ ಜಯಂತ ಕಾಯ್ಕಿಣಿಯವರು ಕವಿ, ಕತೆಗಾರರು. ಮೊದಲ ಕವನ ಸಂಕಲನ 'ರಂಗದಿಂದೊಂದಿಷ್ಟು ದೂರ' ಬಂದದ್ದು 1974ರಲ್ಲಿ. ಮುಂಬೈಯಲ್ಲಿ ಔಷಧಿ ಕಂಪೆನಿಯಲ್ಲಿ ಕೆಲಸ ಮಾಡಿದವರು. 2006ರ 'ಮುಂಗಾರು ಮಳೆ'ಗೆ ಮನೋಮೂರ್ತಿಯವರ ಸಂಗೀತದಲ್ಲಿ ಹಾಡು ಬರೆದ ಮೇಲೆ ಅವರ ಸಾಲುಗಳು ಮನೆಮನೆಗೆ ಹೋದವು. ಹಂಸಲೇಖರ ದಾರಿ ಬೇರೆ. 1987ರ 'ಪ್ರೇಮಲೋಕ'ದಲ್ಲಿ ಸಾಹಿತ್ಯವೂ ಅವರದ್ದೇ, ಸಂಗೀತವೂ ಅವರದ್ದೇ. ಮಾತು ಕೂರದಿದ್ದರೆ ಜಗಳ ಮಾಡ್ಲಿಕ್ಕೆ ಬೇರೆ ಜನವೇ ಇಲ್ಲ!

ದುಡ್ಡಿನ ವಿಷಯ. ಹಿಂದೆ ನಿರ್ಮಾಪಕರು ಒಮ್ಮೆ ಕೊಟ್ಟರೆ ಸಾಧಾರಣವಾಗಿ ಅಲ್ಲಿಗೆ ಮುಗೀತು. ಹಾಡು ಎಷ್ಟು ವರ್ಷ ಓಡಿದರೂ ಬರೆದವರಿಗೆ ಬೇರೇನಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾಯಿತು. ಹಾಡನ್ನು ಮಾರಿದ್ದರೂ, ಟಾಕೀಸಿನಲ್ಲಿ ಸಿನಿಮಾದ ಜೊತೆ ಬರುವುದು ಬಿಟ್ಟು ಬೇರೆ ಕಡೆ ಬಳಸಿದರೆ, ಸಿಗುವ ರಾಯಧನದಲ್ಲಿ ಬರೆದವರಿಗೂ ಪಾಲು ಉಂಟು. ಆ ಹಕ್ಕನ್ನು ಬರೆಸಿಕೊಂಡು ಬಿಡುವ ಹಾಗಿಲ್ಲ. ಇದಕ್ಕಾಗಿ ರಾಜ್ಯಸಭೆಯಲ್ಲಿ ಮಾತಾಡಿದವರು ಹಿಂದಿ ಗೀತರಚನೆಕಾರ ಜಾವೇದ್ ಅಖ್ತರ್.

ನಾವಾದರೂ ಡ್ಯಾನ್ಸಿಗೆ ಹಾಡು ಹಾಕುವಾಗ ಹೀರೋ ಹೆಸರು ಹೇಳ್ತೇವೆ, ಬರೆದವರ ಹೆಸರು ಯಾರು ಹೇಳ್ತಾರೆ? ಪಾಡ್ದನಕ್ಕೆ ಹೆಸರಿಲ್ಲ ಸರಿ, ಇವರಿಗೆ ಹೆಸರು ಉಂಟಲ್ಲ!

"ತೋಟ ದಾಟಿ ಬರುವ" ಸಾಲಿಗೆ ಮುಂದಿನ ಸಾಲು ಹೊಳೆದವರು ಕೆಳಗೆ ಬಿಟ್ಟ ಜಾಗದಲ್ಲಿ ಬರೆಯಿರಿ. ಹೆಸರು, ತರಗತಿ ಹಾಕಿ.